ಏಳು ಗಡಿಯಾರ, ಒಂದು ಕುರ್ಚಿ

ನಮ್ಮ ಸಂಗೀತ ಶಾಲೆಯ ಗೋಡೆಯ ಮೇಲೆ ಏಳು ಗಡಿಯಾರಗಳಿವೆ. ಪ್ರತಿಯೊಂದರ ಗಾಜಿನ ಮೇಲೂ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಊರು, ಎಲ್ಲ ಕೆಂಪು ಬಣ್ಣದಲ್ಲಿ. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಸ್ಟೂಲ್ ಹತ್ತಿ ಏಳರ ಸೆಲ್ಲನ್ನೂ ಬಿಚ್ಚಿಡುವುದು ನನ್ನ ಮೊದಲ ಕೆಲಸ. ಮಕ್ಕಳು ಹೋದ ಮೇಲೆ ಮತ್ತೆ ಹತ್ತಿ ಹಾಕುವುದು ಕೊನೆಯ ಕೆಲಸ. ಬಿಚ್ಚದಿದ್ದರೆ ತಬಲಾ ಮೇಷ್ಟ್ರು ಪಾಠ ಶುರು ಮಾಡುವುದಿಲ್ಲ. ಹಾಕದಿದ್ದರೆ ವಾರದ ನಡುವೆ ಯಾರಾದರೂ ದಾನಿಗಳು ಬಂದು, ತಮ್ಮ ಗಡಿಯಾರ ನಿಂತಿರುವುದನ್ನು ನೋಡಿ, ಅಧ್ಯಕ್ಷರಿಗೆ ಫೋನ್ ಮಾಡುತ್ತಾರೆ. ಹೋದ ವರ್ಷ ಅಂಥ ಫೋನ್ ನಾಲ್ಕು ಬಂದವು. ನಾಲ್ಕರ ತಾರೀಖೂ ನನ್ನ ಡೈರಿಯಲ್ಲಿದೆ.

"ಏಳು ಗಡಿಯಾರ ಏಳು ಥರ ಟಿಕ್ ಟಿಕ್ ಅಂತಾವೆ. ಈ ಗದ್ದಲದಾಗೆ ಹುಡುಗ್ರಿಗೆ ಲಯ ಹೆಂಗವ್ವ ಹೇಳಿಕೊಡ್ಲಿ?" ಎಂದು ಏಳನೆಯದು ಬಂದ ದಿನವೇ ಮೇಷ್ಟ್ರು ಕೇಳಿದ್ದರು.

ಶಾಲೆ ಇರುವುದು ಚನ್ನಗಿರಿಯಲ್ಲಿ, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಮಕ್ಕಳಿಂದ ಫೀಸು ತೆಗೆದುಕೊಳ್ಳುವುದಿಲ್ಲ. ನಿವೃತ್ತ ಉಪನ್ಯಾಸಕರೊಬ್ಬರು ಕಟ್ಟಿದ ಟ್ರಸ್ಟ್ ಅದು. ಅವರೇ ಅಧ್ಯಕ್ಷರು, ಬಾಡಿಗೆಯೂ ಅವರ ಪಿಂಚಣಿಯಿಂದಲೇ. ನಾನು ಇಲ್ಲಿಯೇ ಹಾಡು ಕಲಿತವಳು. ಈಗ ಬಸ್ ಸ್ಟ್ಯಾಂಡ್ ಹತ್ತಿರದ ಡಿ.ಟಿ.ಪಿ. ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೊಮ್ಮೆ ಶಾಲೆಯ ಸುದ್ದಿ ಹಾಳೆ ಬರೆದು ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಪಾಲಿಗೆ ಬಂದದ್ದು.

ಸುದ್ದಿ ಹಾಳೆಗೆ ಅಧ್ಯಕ್ಷರದೊಂದು ನಿಯಮವಿದೆ. ಕೊಟ್ಟವರ ಫೋಟೋ ಮೇಲೆ, ನಮಗೆ ಬೇಕಾದದ್ದು ಕೆಳಗೆ. "ಕೇಳೋದನ್ನ ಮೇಲೆ ಹಾಕಿದ್ರೆ ಜನ ತೆಗೆದೇ ನೋಡಲ್ಲಮ್ಮ" ಎನ್ನುತ್ತಾರೆ. ಹಾಗಾಗಿ 'ತಬಲಾ ಶಿಕ್ಷಕರ ಗೌರವಧನಕ್ಕೆ ನೆರವು ಬೇಕಾಗಿದೆ' ಎಂಬ ಸಾಲು ಹನ್ನೊಂದು ತಿಂಗಳು ಹಾಳೆಯ ತಳದಲ್ಲಿಯೇ ಕೂತಿತ್ತು. ಆ ಹನ್ನೊಂದು ತಿಂಗಳಲ್ಲಿ ನಮಗೆ ಬಂದದ್ದು ಮೂರು ಗಡಿಯಾರ, ಒಂದು ನೀರಿನ ಫಿಲ್ಟರ್, ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಕಬ್ಬಿಣದ ಬೀರು. ಬೀರುವಿನಲ್ಲಿ ಇಡಲು ನಮ್ಮಲ್ಲಿ ಏನೂ ಇರಲಿಲ್ಲ. ಅದರ ಬಾಗಿಲ ಮೇಲೆ ಮಾತ್ರ ಒಂದು ಕುಟುಂಬದ ಅಷ್ಟೂ ಹೆಸರು ಹಿಡಿಸಿತ್ತು.

ಮೇಷ್ಟ್ರು ಬರುವುದು ಹೊನ್ನಾಳಿಯಿಂದ. ಬಸ್ ಚಾರ್ಜೂ ಸೇರಿ ಒಂದು ಭಾನುವಾರಕ್ಕೆ ಸಾವಿರ ರೂಪಾಯಿ. ಏಪ್ರಿಲ್ ತನಕ ಅದನ್ನೂ ಅಧ್ಯಕ್ಷರೇ ಕೊಟ್ಟರು. ಬಾಡಿಗೆ ಏರಿದ ಮೇಲೆ ಅವರ ಕೈ ಕಟ್ಟಿತು. ಮೇ, ಜೂನ್ ಎರಡೂ ತಿಂಗಳು ಮೇಷ್ಟ್ರು ತಮ್ಮ ಕೈಯಿಂದಲೇ ಟಿಕೆಟ್ ಕೊಂಡು ಬಂದರು.

"ಸಂಬಳದ ಮೇಲೆ ಹೆಸರು ಬರೆಸಾಕೆ ಜಾಗ ಇಲ್ಲ, ಅದಕ್ಕೇ ಯಾರೂ ಕೊಡವಲ್ರು" ಎಂದು ಅವರೇ ಒಮ್ಮೆ ನಕ್ಕರು. "ಒಂದು ಕೆಲ್ಸ ಮಾಡ್ರಿ, ನನ್ನ ಅಂಗಿ ಬೆನ್ನಿನ ಮೇಲೆ ಬರೆಸ್ರಿ. ಹೊನ್ನಾಳಿ ತನಕ ಬಸ್ಸಿನಾಗೆ ಓದ್ಕಂತಾ ಬರ್ತಾರೆ."

ಜೂನ್ ಕೊನೆಯ ಭಾನುವಾರ ಅವರು ನಗಲಿಲ್ಲ. ದಾವಣಗೆರೆಯ ವಸತಿ ಶಾಲೆಯೊಂದು ಭಾನುವಾರದ ಪಾಠಕ್ಕೆ ಕರೆದಿದೆ ಎಂದರು. "ಜುಲೈ ಮುಗಿಯೋ ತನಕ ನೋಡ್ತೀನವ್ವ. ನನಗೂ ಮನೆ ಐತೆ, ಮಕ್ಳದಾರೆ."

ಅವರು ಹೋದರೆ ತಬಲಾ ತರಗತಿ ಮುಗಿದಂತೆ. ಹನ್ನೊಂದು ಮಕ್ಕಳಿಗೆ ಮೂರು ಜೊತೆ ತಬಲಾ ಇಟ್ಟುಕೊಂಡು, ಸರದಿ ಮಾಡಿ, ಅವರು ಒಂದು ಮಟ್ಟಕ್ಕೆ ತಂದಿದ್ದರು. ತ್ಯಾವಣಿಗೆಯಿಂದ ಅಜ್ಜನ ಜೊತೆ ಬರುವ ಹುಡುಗಿಯ ಮನೆಯಲ್ಲಿ ತಬಲಾ ಇಲ್ಲ. ಅವಳು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಅಭ್ಯಾಸ ಮಾಡಿ ಬರುತ್ತಾಳೆ. ಅವಳ ಬೆರಳೇ ಎಲ್ಲರಿಗಿಂತ ಸ್ಪಷ್ಟ.

ಜುಲೈ ಮೊದಲ ವಾರ ನಾನೂ ಅಧ್ಯಕ್ಷರೂ ನ್ಯಾಮತಿಗೆ, ಅಡಿಕೆ ವ್ಯಾಪಾರದ ಒಬ್ಬ ಸಾಹುಕಾರರ ಮನೆಗೆ ಹೋದೆವು. ಆರು ತಿಂಗಳ ಗೌರವಧನ ಕೇಳುವುದೆಂದು ಬಸ್ಸಿನಲ್ಲೇ ಮಾತಾಡಿಕೊಂಡಿದ್ದೆವು.

"ಸಂಬಳಾನಾ?" ಎಂದರು ಸಾಹುಕಾರರು. "ಸಂಬಳ ಕೊಟ್ರೆ ಆಮೇಲೆ ಏನು ಉಳೀತೈತ್ರಿ ಸರ್? ಕಣ್ಣಿಗೆ ಕಾಣೋದು ಏನಾರ ಹೇಳ್ರಿ."

"ಹನ್ನೊಂದು ಹುಡುಗ್ರು ಕಲೀತಾರಲ್ರೀ ಯಜಮಾನ್ರೆ, ಅವ್ರು ಕಾಣ್ತಾರೆ" ಎಂದೆ ನಾನು.

"ಹುಡುಗ್ರು ಬೆಳೆದು ಎಲ್ಲೆಲ್ಲಿಗೋ ಹೋಗ್ತಾರಮ್ಮ. ಅವ್ರ ಹಣೆ ಮೇಲೆ ನಮ್ಮಪ್ಪಾರ ಹೆಸರು ಬರೆದಿರ್ತೈತಾ?" ಎಂದು ಜೋರಾಗಿ ನಕ್ಕು, ಚಹಾ ತರಿಸಿದರು. ಆಮೇಲೆ ಏನೋ ಹೊಳೆದವರಂತೆ ಕೇಳಿದರು. "ಅದಿರ್ಲಿ, ನಿಮ್ಮ ಮೇಷ್ಟ್ರು ಯಾವುದರ ಮೇಲೆ ಕೂರ್ತಾರೆ?"

"ಚಾಪೆ ಮೇಲೆ."

"ಛೇ ಛೇ! ಗುರುಗಳ್ನ ನೆಲದ ಮೇಲೆ ಕೂರಿಸ್ತೀರೇನ್ರಿ?"

ತಬಲಾ ನುಡಿಸುವವರು ನೆಲದ ಮೇಲೆಯೇ ಕೂರುವುದು ಎನ್ನಲು ಬಾಯಿ ತೆರೆದೆ. ಅಧ್ಯಕ್ಷರು ನನ್ನ ಕಾಲು ತುಳಿದರು. "ನಿಮ್ಮದು ದೊಡ್ಡ ಮನಸ್ಸು" ಎಂದು ಕೈಮುಗಿದೂಬಿಟ್ಟರು. ವಾಪಸ್ ಬರುವಾಗ ನಾನು ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತೆ.

ಮುಂದಿನ ಭಾನುವಾರವೇ ಕುರ್ಚಿ ಬಂತು. ಮದುವೆ ಮಂಟಪದಲ್ಲಿ ಇಡುತ್ತಾರಲ್ಲ, ಅಂಥದ್ದು. ಕೆಂಪು ಮಖಮಲ್ಲು, ಕೆತ್ತನೆಯ ಕೈಗಳು, ಒರಗುವಲ್ಲಿ ಚಿನ್ನದ ಬಣ್ಣದಲ್ಲಿ ಸಾಹುಕಾರರ ತಂದೆಯ ಹೆಸರು. ಅದನ್ನು ಮಹಡಿ ಹತ್ತಿಸಲು ನಾಲ್ಕು ಜನ ಬೇಕಾದರು. ಟೆಂಪೋದವನ ಕೈಯಲ್ಲಿದ್ದ ಬಿಲ್ ನೋಡಿದೆ. ಎಂಟು ಸಾವಿರ. ಎಂಟು ಭಾನುವಾರ.

ಫೋಟೋಗೆ ಮೇಷ್ಟ್ರು ಅದರ ಮೇಲೆ ಕೂರಲೇಬೇಕಾಯಿತು. ಅವರು ಗಿಡ್ಡ ಆಳು, ಕಾಲು ನೆಲಕ್ಕೆ ಎಟುಕಲಿಲ್ಲ.

"ಗಂಡು ರೆಡಿ ಐತೆ, ಹೆಣ್ಣಿನ ಕಡೆಯೋರು ಎಲ್ರಿ?" ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕವು.

"ಆ ತಬಲಾ ತೊಡೆ ಮೇಲೆ ಇಟ್ಕಳ್ರಿ ಮೇಷ್ಟ್ರೆ, ಫೋಟೋದಾಗೆ ಚೆಂದ ಕಾಣ್ತೈತೆ" ಎಂದರು ಸಾಹುಕಾರರು. ಮೇಷ್ಟ್ರು ಇಟ್ಟುಕೊಂಡರು. ನಾನು ಫೋಟೋ ತೆಗೆದೆ. ಆ ಫೋಟೋ ಜುಲೈ ಹಾಳೆಯ ನೆತ್ತಿಯ ಮೇಲೆ ಹೋಯಿತು. ಗುಂಪಿನಲ್ಲಿ ನಲವತ್ತಮೂರು ಜನ ಕೈಮುಗಿಯುವ ಚಿತ್ರ ಹಾಕಿದರು. ತಳದ ಸಾಲಿನ ಬಗ್ಗೆ ಒಬ್ಬರೂ ಕೇಳಲಿಲ್ಲ.

ಆ ದಿನ ಸಾಹುಕಾರರು ಹೋದ ಮೇಲೆ ಮೇಷ್ಟ್ರು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ಕುರ್ಚಿ ಸಿಕ್ತಲ್ಲವ್ವ, ಇನ್ನ ಕೂರೋನ್ನ ಹುಡುಕ್ರಿ."

ಆ ವಾರ ನಾನು ರಜೆ ಹಾಕಿ, ಗೌರವಧನಕ್ಕೆ ನೆರವು ಕೇಳಲು ಜಗಳೂರಿಗೆ ಹೋದೆ. ಏಳನೆಯ ಗಡಿಯಾರ ಕೊಟ್ಟ ನಮ್ಮ ಹಳೆಯ ವಿದ್ಯಾರ್ಥಿ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ನನಗಿಂತ ಎರಡು ವರ್ಷ ದೊಡ್ಡವನು. "ಹೋದ ವರ್ಷ ತಾನೇ ಕೊಟ್ಟೀನಲ್ಲೇ, ಮತ್ತೆ ಬಂದಿಯಾ?" ಎಂದ. ಬಸ್ಸಿಗೆ ಹೊತ್ತಿತ್ತು, ಹೊಟ್ಟೆ ಹಸಿದಿತ್ತು. ಹತ್ತಿರದ ಮಠಕ್ಕೆ ಊಟಕ್ಕೆ ಹೋದೆ. ದಾಸೋಹದ ಬಾಗಿಲಲ್ಲಿ ಒಂದು ಕರಿಹಲಗೆ. 'ಇಂದಿನ ದಾಸೋಹದ ಸೇವಾಕರ್ತರು' ಎಂದು ಬರೆದು, ಕೆಳಗೆ ಒಬ್ಬರ ಹೆಸರು, ಅವರ ಮಗಳ ಹುಟ್ಟುಹಬ್ಬದ ನಿಮಿತ್ತ. ಅನ್ನ ಸಾರು ಸಂಜೆಯೊಳಗೆ ಖರ್ಚಾಗಿ ಹೋಗುತ್ತದೆ, ಏನೂ ಉಳಿಯುವುದಿಲ್ಲ. ಆದರೂ ಜನ ಸಾಲುಗಟ್ಟಿ ಕೊಡುತ್ತಾರೆ.

ಚನ್ನಗಿರಿಗೆ ಬಂದವಳೇ ಒಂದು ಹಲಗೆ ಕೊಂಡು, 'ಈ ಭಾನುವಾರದ ಪಾಠದ ಸೇವಾಕರ್ತರು' ಎಂದು ಬರೆದೆ.

"ಇದು ಮಠ ಅಲ್ಲಮ್ಮ" ಎಂದರು ಅಧ್ಯಕ್ಷರು.

"ಗಡಿಯಾರದ ಅಂಗಡೀನೂ ಅಲ್ಲ ಸರ್" ಎಂದೆ. ಅವರಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಅವರು ಕನ್ನಡಕ ಒರೆಸಿಕೊಂಡು "ಹಾಕು ನೋಡಾಣ" ಎಂದರು.

ಆಗಸ್ಟ್‌ನಲ್ಲಿ ಐದು ಭಾನುವಾರ. ಇಪ್ಪತ್ತಾರು ಮನೆ, ಅಂಗಡಿ ತಿರುಗಿದೆ. ಒಪ್ಪಿದವರು ಇಬ್ಬರು. ತಾಯಿಯ ನೆನಪಿಗೆ ನನ್ನ ಅಂಗಡಿಯ ಮಾಲೀಕರು, ಮದುವೆಯ ವಾರ್ಷಿಕೋತ್ಸವಕ್ಕೆಂದು ಬಸವಾಪಟ್ಟಣದ ಒಂದು ಜೋಡಿ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ.

"ಹಂಗಾದ್ರೆ ಆ ಎರಡು ಭಾನುವಾರ ಬರ್ತೀನಿ. ಉಳಿದವಕ್ಕೆ ದಾವಣಗೆರೆ" ಎಂದರು. ಮೊದಲ ಭಾನುವಾರ ಬಂದು ಹಲಗೆಯನ್ನು ಓದಿ, "ಬೆನ್ನಿಗಿಂತ ಹಲಗೆ ವಾಸಿ ಬಿಡವ್ವ" ಎಂದು ಚಾಪೆಯ ಮೇಲೆ ಕೂತರು. ಎರಡನೆಯ ಭಾನುವಾರವೂ ಪಾಠ ಆಯಿತು.

ಗೋಡೆಯ ಮೇಲೆ ಮೊಳೆ ಹೊಡೆಯಲು ಜಾಗವಿರಲಿಲ್ಲ. ಹಲಗೆಯನ್ನು ಕುರ್ಚಿಯ ಮೇಲೆ ಒರಗಿಸಿ ಇಟ್ಟಿದ್ದೆ.

ಮೂರನೆಯ ಭಾನುವಾರ ಹಲಗೆ ಖಾಲಿ. ಮಕ್ಕಳಿಗೆ ಬರಬೇಡಿ ಎನ್ನಲು ನನ್ನಿಂದ ಆಗಲಿಲ್ಲ. ಆರು ಗಡಿಯಾರದ ಸೆಲ್ ತೆಗೆದು, ಒಂದನ್ನು ಬಿಟ್ಟು, ಅದರ ಸದ್ದಿಗೆ ಕಲಿತದ್ದನ್ನೇ ನುಡಿಸಿ ಎಂದೆ. ತಬಲಾ ಸಿಗದವರು ತೊಡೆಯ ಮೇಲೆ ತಟ್ಟುತ್ತಿದ್ದರು. ತ್ಯಾವಣಿಗೆಯ ಹುಡುಗಿ ತಬಲಾದ ಬೋಲೊಂದನ್ನು ನುಡಿಸುತ್ತಾ ನಡುವೆ ಒಂದು ಕಡೆ ನಿಲ್ಲಿಸಿ, "ಅಕ್ಕಾ, ಇಲ್ಲಿ ಬೆರಳು ಹೆಂಗೆ ಬರ್ಬೇಕು?" ಎಂದಳು. ನನಗೆ ಗೊತ್ತಿರಲಿಲ್ಲ.

ಆಗಲೇ ಸಾಹುಕಾರರು ಇಬ್ಬರು ನೆಂಟರನ್ನು ಕರೆದುಕೊಂಡು ಕುರ್ಚಿ ತೋರಿಸಲು ಬಂದರು.

"ಎಲ್ಲಮ್ಮ ಮೇಷ್ಟ್ರು?"

"ಈ ಭಾನುವಾರಕ್ಕೆ ಯಾರೂ ಸಿಗಲಿಲ್ರೀ ಯಜಮಾನ್ರೆ. ಬಂದಿಲ್ಲ."

ಅವರು ಹಲಗೆಯ ಮುಂದೆ ನಿಂತು ಮೇಲಿನ ಸಾಲು ಓದಿದರು, ಕೆಳಗಿನ ಖಾಲಿ ಜಾಗವನ್ನೂ ನೋಡಿದರು. ನಾನು ಸೀಮೆಸುಣ್ಣ ಹಿಡಿದು ಪಕ್ಕದಲ್ಲಿಯೇ ನಿಂತೆ.

"ಈ ಹಲಗೆ ಸ್ವಲ್ಪ ಕೆಳಗಿಡಮ್ಮ" ಎಂದರು. "ಅಪ್ಪಾರ ಹೆಸರು ಮುಚ್ಚೈತೆ."

ಹಲಗೆಯನ್ನು ಇಳಿಸಿ ನೆಲಕ್ಕಿಟ್ಟೆ. ನೆಂಟರು ಫೋಟೋ ತೆಗೆದುಕೊಂಡರು. ಅವರು ಮೆಟ್ಟಿಲು ಇಳಿದ ಮೇಲೆ ಹಲಗೆಯನ್ನು ಮತ್ತೆ ಕುರ್ಚಿಯ ಮೇಲೆ, ಹೆಸರು ಪೂರ್ತಿ ಮುಚ್ಚುವಂತೆ ನಿಲ್ಲಿಸಿ, ಇಪ್ಪತ್ತೇಳನೆಯ ಮನೆಗೆ ಫೋನ್ ಮಾಡಿದೆ. ಅತ್ತ ಯಾರೂ ಎತ್ತಲಿಲ್ಲ. ನನ್ನ ಬೆನ್ನ ಹಿಂದೆ ಆ ಹುಡುಗಿ ಅದೇ ಬೋಲನ್ನು ಮೊದಲಿಂದ ನುಡಿಸಿ, ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದಳು.