ಹುಸೇನಬಿ ಆಯಿಗೆ ಓದಿದ ಪತ್ರ

ಕಳೆದ ತಿಂಗಳು ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕೂತ ಹೆಂಗಸು ಫೋನಿನಲ್ಲಿ ತನ್ನ ಚಿಕ್ಕಮ್ಮನನ್ನು ‘ಖಾಲಾ’ ಎಂದಳು. ನಾವು ಶಾಲೆಯಲ್ಲಿ ಕಲಿತ ‘ಖ’ ಅಲ್ಲ ಅದು. ಗಂಟಲ ತಳವನ್ನು ಉಜ್ಜಿಕೊಂಡು ಬಂದದ್ದು. ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ. ಆ ಸದ್ದನ್ನು ನನಗೆ ಕಲಿಸಿದವಳು ಕಮತಗಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ್ದ ಮನೆಯ ಹುಸೇನಬಿ ಆಯಿ. ಅತ್ತರು, ಹುರಿದ ಶೇಂಗಾ ಎರಡೂ ಕೂಡಿ ಘಮಘಮಿಸುತ್ತಿದ್ದ ಆ ಮನೆ ಈಗಿಲ್ಲ. ಆಯಿಯೂ ಇಲ್ಲ.

ಆಯಿಗೆ ಓದು ಬರಹ ಬರುತ್ತಿರಲಿಲ್ಲ, ಗೋವಾದಲ್ಲಿದ್ದ ಅವಳ ತಂಗಿಗೂ ಬರುತ್ತಿರಲಿಲ್ಲ. ತಂಗಿ ಮನೆಮಾತು ಉರ್ದುವಿನಲ್ಲಿ ಹೇಳುವಳು. ಇಳಕಲ್ಲಿನಲ್ಲಿ ಕನ್ನಡ ಶಾಲೆ ಕಲಿತಿದ್ದ ಅವಳ ಸೊಸೆ ಅದನ್ನು ಕೇಳಿದ ಹಾಗೇ ಕನ್ನಡ ಅಕ್ಷರಗಳಲ್ಲಿ ಇಳಿಸುವಳು. ಇಲ್ಲಿ ಓದುವವಳು ನಾನು, ಲಿಂಗಾಯತರ ಮನೆಯ ನಾಲ್ಕನೇ ಇಯತ್ತೆಯ ಹುಡುಗಿ. ಓದಿದ್ದರಲ್ಲಿ ನನಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆಯಿ ಮಾತ್ರ ನಗುವಳು, ತಂಗಿಯನ್ನು ಬೈಯುವಳು, ಕಣ್ಣೊರೆಸಿಕೊಳ್ಳುವಳು. ಕನ್ನಡದಲ್ಲಿಲ್ಲದ ಸದ್ದು ಬಂದಲ್ಲಿ ಸೊಸೆ ಅಕ್ಷರದ ಕೆಳಗೆ ಎರಡು ಚುಕ್ಕಿ ಇಡುತ್ತಿದ್ದಳು. “ಗಂಟಲದಾಗ ಶೇಂಗಾ ಸಿಪ್ಪಿ ಸಿಕ್ಕಂಗ ಅನ್ನಬೇಕವ್ವಾ,” ಎಂದು ಆಯಿ ಹೇಳಿಕೊಡುವಳು. ಕೆಮ್ಮು ಬರುವ ತನಕ ಅಂದು ಅಂದು ಕಲಿತೆ. ಓದುವುದರಲ್ಲಿ ಭಾರೀ ಜಂಬ ನನಗೆ.

ಒಂದು ಶ್ರಾವಣದಲ್ಲಿ ಬಂದ ಪತ್ರ ನಾಲ್ಕೇ ಸಾಲಿನದು. ತಂಗಿ ತೀರಿಕೊಂಡಳೆಂದು ಸೊಸೆ ಬರೆದಿದ್ದಳು. ನನಗೇನು ಗೊತ್ತು? ಶಾಲೆಯಲ್ಲಿ ಪದ್ಯ ಒಪ್ಪಿಸುವವಳ ಹಾಗೆ ನೆಟ್ಟಗೆ ನಿಂತು, ಒಂದೊಂದು ಅಕ್ಷರವನ್ನೂ ಸ್ವಚ್ಛವಾಗಿ ಓದಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿಯ ಕೈ ನಿಂತಿತು.

“ಇನ್ನೊಮ್ಮಿ ಓದು, ನೀಲಾ.”

ಮೆಚ್ಚಿ ಕೇಳುತ್ತಿದ್ದಾಳೆಂದು ಹಿಗ್ಗಿ, ಇನ್ನೂ ಜೋರಾಗಿ, ಬಿಡಿಸಿ ಬಿಡಿಸಿ ಓದಿದೆ. “ಎಲ್ಲೂ ತಪ್ಪಿಲ್ಲಲ್ಲ ಆಯಿ?” ಎಂದು ಕೇಳಿದೆ ಕೂಡ.

“ಇಲ್ಲ ನನ್ನವ್ವಾ, ಛಲೋ ಓದಿದಿ. ಮನಿಗೆ ಹೋಗಿ ನಿಮ್ಮವ್ವನ್ನ ಕಳಸು.”

ಅವ್ವ ಹೋದ ಮೇಲೆ ಗೋಡೆಯಾಚೆ ಅಳು ಕೇಳಿಸಿತು. ನಾನು ಓದಿದ್ದು ಏನೆಂದು ಅವ್ವ ಸಂಜೆ ಹೇಳಿದಳು. ಗೋವಾದಿಂದ ಮತ್ತೆ ಪತ್ರ ಬರಲಿಲ್ಲ. ಆಯಿ ಆ ಮಾತನ್ನು ಎಂದೂ ಎತ್ತಲಿಲ್ಲ, ಶೇಂಗಾ ಕೊಡುವುದನ್ನೂ ಬಿಡಲಿಲ್ಲ. ಅವಳು ಯಾಕೆ ಎರಡನೇ ಸಲ ಓದಿಸಿದಳೆಂಬುದು ನನಗೆ ತಿಳಿದದ್ದು ನನ್ನ ಅಕ್ಕ ಹೋದ ಸುದ್ದಿ ಫೋನಿನಲ್ಲಿ ಬಂದ ದಿನ. ಹುಡುಗಿ ಎಲ್ಲೋ ತಪ್ಪು ಓದಿರಲಿ ಎಂದು ಆಯಿ ಆಸೆಪಟ್ಟಿದ್ದಳು. ನನ್ನ ಕರ್ಮ, ನಾನು ಎರಡು ಸಲವೂ ಸರಿಯಾಗಿಯೇ ಓದಿದ್ದೆ.