ಬೆಕ್ಕಿನ ಡಬ್ಬದ ಬೂದಿ

ಗೆಳೆಯರೇ, ಬೆಕ್ಕು ಸಾಕಿದ ಮನೆ ನಾರಲೇಬೇಕು ಎನ್ನುವವರು ಇವತ್ತು ಕುಮಟೆಯ ನಮ್ಮ ಮನೆಗೆ ಬರಬೇಕಿತ್ತು. ಸೀಮೆಎಣ್ಣೆ ಡಬ್ಬವನ್ನು ಅಡ್ಡ ಕತ್ತರಿಸಿ ಮಾಡಿದ ಎರಡು ತುಂಡು ನಮ್ಮ ಹಿತ್ತಿಲಲ್ಲಿವೆ. ಒಂದರಲ್ಲಿ ಪಾತ್ರೆ ತಿಕ್ಕುವ ಬೂದಿ. ಇನ್ನೊಂದು ಬೆಕ್ಕಿನದು, ಅದರ ಕಕ್ಕಸು. ಅದರಲ್ಲಿ ಕೆಳಗೆ ಸಮುದ್ರದಂಡೆಯ ಒಣ ಮರಳು, ಮೇಲೆ ಜರಡಿ ಹಿಡಿದ ಒಲೆಬೂದಿ. ಹೊಲಸನ್ನು ದಿನಕ್ಕೆರಡು ಸಲ ನಾನೇ ತೆಗೆಯುತ್ತೇನೆ.

ಕಾಗಾಲದಿಂದ ಬಂದ ಅತ್ತೆ ಹೊಸ್ತಿಲಲ್ಲೇ ಹೇಳಿದರು, “ನಾತ ಬಂದ್ರೆ ಬೆಕ್ಕನ್ನ ಗೋಣಿಚೀಲಕ್ಕೆ ಹಾಕಿ ಮೀನುಪೇಟೆಗೆ ಬಿಟ್ಟು ಬರೂದೇ.” ಮೂಲೆಮೂಲೆ ಮೂಸಿದರು. ಏನೂ ಸಿಗಲಿಲ್ಲ. ಊಟವಾದ ಮೇಲೆ ಸುಮ್ಮನೆ ಕೂರಲಾರದೆ ಪಾತ್ರೆ ತೊಳೆಯಲು ಹಿತ್ತಿಲಿಗೆ ಹೋದರು.

ನಾನು ಹೋಗಿ ನೋಡಿದರೆ, ತೆಂಗಿನ ನಾರನ್ನು ಬೆಕ್ಕಿನ ಡಬ್ಬಕ್ಕೆ ಅದ್ದಿ ಹಿತ್ತಾಳೆ ತಂಬಿಗೆ ತಿಕ್ಕುತ್ತಿದ್ದಾರೆ!

“ಅತ್ತೇ, ಅದು ಬೆಕ್ಕಿಂದು!”

“ಎಂತದು?” ಕೈಯನ್ನು ಮೂಗಿಗೆ ಹಿಡಿದರು. “ಸುಳ್ಳು ಹೇಳ್ಬೇಡ. ನಾತವೇ ಇಲ್ವಲ್ಲೇ!”

ಅಷ್ಟರಲ್ಲಿ ಬೆಕ್ಕೇ ಬಂದು, ಅವರ ಎದುರಿಗೇ ಡಬ್ಬಕ್ಕಿಳಿದು ಬೂದಿ ಕೆದರತೊಡಗಿತು.

ಅತ್ತೆ ತಲೆಗೆ ಸ್ನಾನ ಮಾಡಿದರು. ತಂಬಿಗೆಗೆ ಹುಣಸೆಹುಳಿ ಹಚ್ಚಿ ಮೂರು ಸಲ ತೊಳೆದದ್ದಾಯಿತು. ಗೋಣಿಚೀಲದ ಮಾತು ಮತ್ತೆ ಬರಲಿಲ್ಲ. ನಾತವಿಲ್ಲ ಎಂದು ಅವರೇ ಬಾಯಿಬಿಟ್ಟು ಹೇಳಿಯಾಗಿದೆ. ಅದೂ ಬರೀ ಮೂಸಿ ಹೇಳಿದ್ದಲ್ಲ, ತಿಕ್ಕಿ ನೋಡಿ ಹೇಳಿದ್ದು.