ರೇಟ್ ಏರಿದ ದಿನದ ಗಂಜಿ

ಪಕ್ಕದ ಮನೆಯಿಂದ ತುಪ್ಪದನ್ನದ ಪರಿಮಳ ಬರುತ್ತಿದೆ. ಹಬ್ಬವಿಲ್ಲ, ಮದುವೆಯಿಲ್ಲ. ಹಾಗಾದರೆ ರೂಪಾಯಿಯ ಬೆಲೆ ಬಿದ್ದಿರಬೇಕು ಅಂದುಕೊಂಡು ಮೊಬೈಲ್ ನೋಡಿದರೆ, ದುಬೈಯಿಂದ ನನ್ನ ಗಂಡನ ಮೆಸೇಜು: "ದಿರ್ಹಮಿಗೆ ಒಳ್ಳೆ ರೇಟ್ ಉಂಟು. ಇನ್ನೊಂದು ವರ್ಷ ಇಲ್ಲೇ ನಿಲ್ಲುವುದಾ?"

ನಗಬೇಡಿ. ನಮ್ಮ ಕುದ್ರೋಳಿಯಲ್ಲಿ ಗಲ್ಫಿನ ಸಂಬಳದಲ್ಲಿ ಉಣ್ಣುವ ಮನೆಗಳಿಗೆ ಇದೊಂದು ಪದ್ಧತಿ. ಸ್ವಂತ ದೇಶದ ದುಡ್ಡು ಸೋತ ದಿನ ಒಲೆಯ ಮೇಲೆ ತುಪ್ಪ! ಚಿಕ್ಕಂದಿನಲ್ಲಿ ನಾನೂ ಎರಡೆರಡು ಸಲ ಬಡಿಸಿಕೊಂಡು ಉಂಡವಳೇ.

ಈ ಪದ್ಧತಿಗೆ ಸಡ್ಡು ಹೊಡೆದವರು ನನ್ನ ತಾಯಿ, ಉಮ್ಮ. ಉಪ್ಪ, ಎಂದರೆ ನಮ್ಮ ತಂದೆ, ಅಬುಧಾಬಿಯಲ್ಲಿ ವೆಲ್ಡರ್. ಮನೆ ಕಟ್ಟಲು ಒಂದು ತುಂಡು ಜಾಗ ಕೊಂಡ ಕೂಡಲೇ ಬಂದುಬಿಡುತ್ತೇನೆ ಎಂದು ಹೋದವರು, ರೇಟ್ ಏರಿದಾಗಲೆಲ್ಲ "ಇನ್ನೊಂದು ವರ್ಷ" ಎನ್ನುತ್ತಿದ್ದರು. ಜಾಗದ ಬೆಲೆಯೂ ಏರುತ್ತಿತ್ತು. ಏರದೆ ಏನು? ಬೀದಿಯ ಅರ್ಧ ಗಂಡಸರು ಅದೇ ದಿರ್ಹಮ್ ಕಳುಹಿಸಿ ಅದೇ ಜಾಗಕ್ಕೆ ಕೈ ಹಾಕುತ್ತಿದ್ದರು. ದುಡ್ಡು ಹೆಚ್ಚಾಯಿತು, ನೆಲ ಮಾತ್ರ ಇದ್ದಷ್ಟೇ. ಇನ್ನು ರೂಪಾಯಿ ಬಿದ್ದರೆ ಮೀನು ಹಿಡಿಯುವ ಬೋಟಿನ ಡೀಸೆಲ್ ತುಟ್ಟಿ, ಅದರ ಹಿಂದೆಯೇ ಬಂಗುಡೆಯೂ ತುಟ್ಟಿ. ಈಗ ನಾನು ಇದನ್ನೇ ಕಾಲೇಜಿನಲ್ಲಿ ಹಣದುಬ್ಬರ, ವಿನಿಮಯ ದರ ಎಂದು ಬೋರ್ಡಿನ ಮೇಲೆ ಬರೆದು ಸಂಬಳ ತೆಗೆದುಕೊಳ್ಳುತ್ತೇನೆ.

ಒಂದು ಸಲ ಉಪ್ಪ ರಜೆಯಲ್ಲಿ ಬಂದಿದ್ದಾಗಲೇ ರೇಟ್ ಜಿಗಿಯಿತು. ಮಟನ್ ತಂದುಕೊಟ್ಟು, ಹೊತ್ತಾದ ಮೇಲೆ ಕೈ ತೊಳೆದು ಕುಳಿತರು. ಉಮ್ಮ ತಂದಿಟ್ಟದ್ದು ಗಂಜಿ, ಉಪ್ಪಿನಕಾಯಿ.

"ಇದೆಂತ ಮಾರಾಯ್ತಿ? ತುಪ್ಪದನ್ನ ಎಲ್ಲಿ?"

"ನಮ್ಮ ರೂಪಾಯಿ ಬಿದ್ದದ್ದಕ್ಕೆ ತುಪ್ಪದನ್ನ ಎಂತಕ್ಕೆ?"

"ಹೆಚ್ಚು ಸಿಕ್ತದಲ್ಲಾ!"

"ಸಿಕ್ತದೆ. ಆ ಹೆಚ್ಚಿನದ್ದನ್ನು ಜಾಗದವ ತೆಗೆದುಕೊಳ್ತಾನೆ, ಮೀನಿನವಳು ತೆಗೆದುಕೊಳ್ತಾಳೆ. ನನಗೆ ಎಂತ ಸಿಕ್ತದೆ? ನೀವಿಲ್ಲದ ಇನ್ನೊಂದು ವರ್ಷ! ಇನ್ನು ರೇಟ್ ಏರಿದ ದಿನವೆಲ್ಲ ಈ ಮನೆಯಲ್ಲಿ ಗಂಜಿಯೇ."

ಮಟನ್ ಪಕ್ಕದ ಮನೆಗೆ ಹೋಯಿತು. ಅದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಉಮ್ಮ ಹಠ ಬಿಡಲಿಲ್ಲ. ಮುಂದಿನ ರಜೆಗೆ ಬಂದ ಉಪ್ಪ ತಿರುಗಿ ಹೋಗಲಿಲ್ಲ. ಇಲ್ಲೇ ಹತ್ತಿರದ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದರು. ಜಾಗ ಕೊಳ್ಳಲು ಕೊನೆಗೂ ಆಗಲಿಲ್ಲ. ಇದೇ ಬಾಡಿಗೆ ಮನೆಯಲ್ಲಿ ಅವರಿಬ್ಬರ ಜಗಳ ಕೇಳುತ್ತಾ ಬೆಳೆದೆ. ಅದಕ್ಕಿಂತ ದೊಡ್ಡ ಆಸ್ತಿ ನನಗೆ ಬೇಡವೇ ಬೇಡ.

ಪಕ್ಕದ ಮನೆಯವರು ಈಗಷ್ಟೇ ಒಂದು ತಟ್ಟೆ ತುಪ್ಪದನ್ನ ಕೊಟ್ಟು ಹೋದರು. ಮುಚ್ಚಿಟ್ಟು, ಕುಚ್ಚಲಕ್ಕಿ ತೊಳೆದು ಒಲೆಗೇರಿಸಿದ್ದೇನೆ. ಉಮ್ಮನ ಗಂಜಿಯ ಕಥೆ ನನ್ನ ಗಂಡನಿಗೆ ಮದುವೆಯಾದ ವಾರದಲ್ಲೇ ಹೇಳಿ ಆಗಿದೆ. ಹಾಗಾಗಿ ಉತ್ತರ ಉದ್ದ ಬೇಕಾಗಲಿಲ್ಲ:

"ರೇಟ್ ನೋಡಿದೆ. ಗಂಜಿ ಇಟ್ಟಿದ್ದೇನೆ. ಟಿಕೆಟ್ ಮಾಡಿ."